ಜಾಲಿನ ಹಾಳೆ, ಹಂತಿಯ ತಟ್ಟೆ

2025ರ ಮಳೆಗಾಲ ಸುರುವಪ್ಪ ಸಮಯಲ್ಲಿ ಆನು ಅಪ್ಪನ ಮನಗೆ ಹೋಗಿತ್ತಿದ್ದೆ. ವಿಟ್ಲ ಹೊಡೆಯಾಣ ಮನೆ, ಸುತ್ತ ಅಡಕ್ಕೆ ತೋಟ. ಜಾಲಿನ ಆಚ ಕರೆಲಿ ತಮ್ಮನ ಹಾಳೆ ತಟ್ಟೆಯ ಶೆಡ್ಡು. ಬೇರೆ ವರ್ಷ ಆದರೆ ಮಳೆ ಬಪ್ಪಂದ ಮದಲೇ ಮಾಲು ಪೂರ ಹೋಗಿ ಆವ್ತು. ಶೆಡ್ಡಿಲಿ ನಾಕು ಮಿಶನು, ಒಂದು ಹಿಡಿಸೂಡಿ ಮಾಂತ್ರ ಒಳಿಗು. ಈ ಸರ್ತಿ ರಟ್ಟಿನ ಪೆಟ್ಟಿಗೆಗೊ ಮಾಡಿಂಗೆ ಮುಟ್ಟುವಷ್ಟು ಅಟ್ಟಿ ಹಾಕಿ ಇತ್ತಿದ್ದು.

"ಇದೆಂತ ತಮ್ಮಾ, ಇಷ್ಟು ಒಳುದ್ದು?" ಕೇಳಿದೆ.

"ಅಮೇರಿಕಲ್ಲಿ ಬೇಡ ಹೇಳಿದವಡ ಅಕ್ಕಾ. ಮಾಲು ತೆಕ್ಕೊಂಬವು ಪೋನು ಮಾಡಿತ್ತಿದ್ದವು. ಹಾಳೆಲಿ ವಿಷ ಇದ್ದಡ."

ಜೆಗಿಲಿಲಿ ಕೂದುಗೊಂಡು ಅಡಕ್ಕೆ ಸೊಲುದುಗೊಂಡಿದ್ದ ಅಬ್ಬೆಗೆ ಇದು ಕೇಳಿತ್ತು. "ಹಾಳೆಲಿ ವಿಷವೋ? ನಿಂಗಳ ಎಲ್ಲೋರನ್ನೂ ಮೀಶಿದ್ದು ಹಾಳೆಲಿ ಮನುಗುಸಿ. ವಿಷ ಆಗಿದ್ದರೆ ನಿಂಗೊ ಈಗ ಹೀಂಗೆ ಮಾತಾಡಿಗೊಂಡು ಕೂಪಲೆ ಇತ್ತೋ?"

ತಮ್ಮ ನೆಗೆ ಮಾಡಿದ. ಎನಗೂ ನೆಗೆ ಬಂತು, ಆದರೆ ಇರುಳು ಒರಕ್ಕು ಬಂತಿಲ್ಲೆ. ಬ್ಯಾಂಕಿನ ಸಾಲ ಅವನ ತಲೆಲಿ ಇದ್ದು. ಎನ್ನ ತಲೆಲಿ ಬೇರೆಯೇ ಒಂದು ಸಂಗತಿ ತಿರುಗಿಗೊಂಡಿತ್ತು. ಹಾಳೆ ಹೇಳ್ತದು ನಮ್ಮ ಮನೆಲಿ ಎಂತೆಲ್ಲ ಆಗಿತ್ತು, ಏವಗ ಕಸ ಆತು, ಏವಗ ತಟ್ಟೆ ಆತು? ಎಲ್ಲೋರೂ ಈಗ "ನಮ್ಮ ಅಜ್ಜಂದ್ರು ಹಾಳೆಲಿ ಉಂಡೇ ನೂರು ವರ್ಷ ಬದುಕಿದವು" ಹೇಳ್ತವು. ಅದು ಅಪ್ಪೋ? ಒಂದರಿ ಕೂದು ಬರದು ನೋಡುವೊ ಹೇಳಿ ಕಂಡತ್ತು.

ಪೇಟೆಲಿ ಬೆಳದ ಮಕ್ಕೊಗೆ ಹಾಳೆ ಹೇಳಿರೆ ಎಂತ ಹೇಳಿಯೇ ಸುರು ಮಾಡೆಕ್ಕು. ಅಡಕ್ಕೆ ಮರದ ಸೋಗೆಯ ಬುಡ ಮರಕ್ಕೆ ಸುತ್ತು ಬಂದು ಅಪ್ಪಿ ಹಿಡ್ಕೊಂಡು ಇರ್ತು. ಆ ಅಗಲದ ಭಾಗವೇ ಹಾಳೆ. ಅದರ ಒಳ ಹೊಡೆಲಿ ಸಿಂಗಾರ ಬೆಳವದು. ಸೋಗೆ ಹಣ್ಣಾದ ಮೇಲೆ ಹಾಳೆ ಸಮೇತ ತನ್ನಷ್ಟಕ್ಕೇ ಕಳಚಿ ಬೀಳ್ತು. ಮರ ಹತ್ತೆಕ್ಕು ಹೇಳಿ ಇಲ್ಲೆ, ಕಡಿಯೆಕ್ಕು ಹೇಳಿ ಇಲ್ಲೆ. ಒಂದು ಮರಂದ ವರ್ಷಕ್ಕೆ ಐದಾರು ಹಾಳೆ ಸಿಕ್ಕುತ್ತು. ಒಂದು ಎಕರೆಲಿ 500 ಮರ ಇದ್ದರೆ ವರ್ಷಕ್ಕೆ 2500ಂದ 3000 ಹಾಳೆ ಹೇಳಿ ಲೆಕ್ಕ ಹಾಕಲಕ್ಕು.

ಶಬ್ದವೂ ಹಳತ್ತೇ. ತುಳುವಿಲಿ ಪಾಳೆ, ಮಲೆಯಾಳಲ್ಲಿ ಪಾಳ, ತಮಿಳಿಲಿ ಪಾಳೈ, ನವಗೆ ಹಾಳೆ. ಪಾಲು ಹಾಲಾದ ಹಾಂಗೆ, ಪಲ್ಲು ಹಲ್ಲಾದ ಹಾಂಗೆ ಪಾಳೆ ಹಾಳೆ ಆದ್ದು. ಕನ್ನಡಲ್ಲಿ ಪಕಾರ ಹಕಾರ ಅಪ್ಪಲೆ ಸುರುವಾಗಿ ಸಾವಿರ ವರ್ಷ ಆತು. ಅದಕ್ಕೂ ಮದಲಾಣ ಶಬ್ದ ಇದು. ಪುಸ್ತಕದ ಪುಟಕ್ಕೂ ಕನ್ನಡಲ್ಲಿ ಹಾಳೆ ಹೇಳಿಯೇ ಹೇಳ್ತವು. ಇನ್ನು ಇಂಗ್ಲೀಷಿನವರ 'ಅರೆಕಾ' ನಮ್ಮ ಕರಾವಳಿಂದಲೇ ಹೋದ್ದು. ಮಲೆಯಾಳದ ಅಡಯ್ಕ, ಕನ್ನಡದ ಅಡಕೆ ಪೋರ್ಚುಗೀಸರ ಬಾಯಿಲಿ ಅರೆಕಾ ಆಗಿ ಲೋಕ ಸುತ್ತಿತ್ತು. ಈಗ ಅದೇ ಹೆಸರು ತಟ್ಟೆಯ ಪೆಟ್ಟಿಗೆ ಮೇಲೆ ಅಚ್ಚಾಗಿ ಬತ್ತು.

ಎನ್ನ ಅಜ್ಜಿಯ ಕಾಲಲ್ಲಿ, ಹೇಳಿರೆ 1960-70ರ ವರೆಗೂ, ಹಾಳೆ ಇಲ್ಲದ್ದ ಕೆಲಸ ಮನೆಲಿ ಇತ್ತಿಲ್ಲೆ. ಉದಿಯಪ್ಪಗ ತೋಟಕ್ಕೆ ಹೋದವು ಆರೇ ಆಗಲಿ, ಬರೇ ಕೈಲಿ ವಾಪಾಸು ಬಪ್ಪಲಾಗ. ಬಿದ್ದ ಹಾಳೆ ಎರಡಾದರೂ ಎಳಕ್ಕೊಂಡು ಬರೆಕ್ಕು.

ಹಾಳೆಯ ಎರಡೂ ಕೊಡಿಯ ಮಡುಸಿ ಕಟ್ಟಿರೆ ನೀರು ಹಿಡಿವ ಪಾತ್ರ ಆತು. ತೋಟಕ್ಕೆ ನೀರು ಚೇಪಲೂ ಅದೇ, ಹಟ್ಟಿಲಿ ಅಕ್ಕಚ್ಚು ಮಡುಗಲೂ ಅದೇ. ತುಂಡು ಕತ್ತರುಸಿರೆ ಬೀಸಾಳೆ. ಬೇಸಗೆಲಿ ಬೀಸಿಗೊಂಬಲೂ ಆತು, ಒಲೆಯ ಕೆಂಡ ಎಬ್ಬುಸಲೂ ಆತು. ಗೆದ್ದೆ ಕೆಲಸದವರ ತಲೆಲಿ ಹಾಳೆಯ ಮುಟ್ಟಾಳೆ. ಬೆಶಿಲಿಂಗೂ ಅಕ್ಕು, ಮಳೆಗೂ ಅಕ್ಕು, ತಲೆಲಿ ಹೊರೆ ಹೊತ್ತರೆ ಮೆತ್ತೆಯೂ ಅಕ್ಕು. ಹುಟ್ಟಿದ ಬಾಬೆಯ ಎಣ್ಣೆ ಕಿಟ್ಟಿ ಮೀಶುಲೆ ಹಾಳೆ. ಜಾರದ್ದೆ, ಬೆನ್ನಿಂಗೆ ಚುಚ್ಚದ್ದೆ ತೊಟ್ಲಿನ ಹಾಂಗೆ ಹಿಡ್ಕೊಳ್ತು. ಹಸಿ ಹಾಳೆಯ ಸಣ್ಣಕೆ ಕೊಚ್ಚಿ ಹಾಕಿರೆ ದನ ತಿಂತು. ಎಂತಕ್ಕೂ ಆಗದ್ದು ಮರದ ಬುಡಕ್ಕೆ ಬಿದ್ದು ಗೊಬ್ಬರ ಆವ್ತು. ಮಕ್ಕೊಗೆ ಅದುವೇ ಬಂಡಿ. ಆನು ಹಾಳೆಲಿ ಕೂಪದು, ತಮ್ಮ ಸೋಗೆಯ ಕೊಡಿ ಹಿಡುದು ಜಾಲಿಡೀ ಎಳವದು. ಅವ ಸಣ್ಣ, ಎರಡು ಸುತ್ತಿಂಗೇ ಕೂಗುಗು. ಮತ್ತೆ ಅವ ಕೂಪದು, ಆನು ಎಳವದು.

ಬೇರೆ ಊರಿಲಿಯೂ ಹಾಂಗೆಯೇ. ಮಲೆನಾಡಿಲಿ ಕೊಳೆರೋಗಂದ ಕಾಪಾಡ್ಲೆ ಅಡಕ್ಕೆ ಕೊನಗೆ ಕೊಟ್ಟೆ ಕಟ್ಟಿಗೊಂಡಿತ್ತಿದ್ದವು. ಕೊಟ್ಟೆ ಹೇಳಿರೆ ಹಾಳೆಲಿ, ಕರಡಲ್ಲಿ ಮಾಡಿದ ಕೊಡೆಯ ಹಾಂಗಿಪ್ಪ ಮುಚ್ಚಿಗೆ. ಮೈಸೂರು ಸರಕಾರದ ಕೆಲಸಲ್ಲಿ ಇತ್ತಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ವರದಿ ಬರದ. ಮೈಲುತುತ್ತು, ಸುಣ್ಣ ಸೇರ್ಸಿದ ಬೋರ್ಡೋ ದ್ರಾವಣ ಬಿಡ್ಲೆ ನಮ್ಮವಕ್ಕೆ ಕಲುಶಿದ್ದೂ ಅವನೇ. ಅಂದಿಂದ ಮೆಲ್ಲಂಗೆ ಕೊಟ್ಟೆ ಹೋತು, ಮದ್ದು ಬಂತು. ಕೇರಳದ ತೆಂಕ ಹೊಡೆಲಿ ಪಡಯಣಿಯ ಕೋಲಂಗಳ ಈಗಳೂ ಹಸಿ ಹಾಳೆಲಿಯೇ ಬಣ್ಣ ಬರದು ಮಾಡ್ತವು.

ಅಂಬಗ ಊಟಕ್ಕೆ ಹಾಳೆ ಇತ್ತಿಲ್ಲೆಯೋ? ಇತ್ತಿದ್ದು. ಆದರೆ ಒಳ ಅಲ್ಲ.

ಮನೆ ಒಳ ಊಟ ಬಾಳೆಲೆಲಿ. ದಿನನಿತ್ಯಕ್ಕೆ ಕೀತೆಲೆ, ಜೆಂಬರಕ್ಕೆ ಕೊಡಿ ಬಾಳೆಲೆ. ಹಾಳೆಲಿ ಊಟ ಜಾಲಿಲಿ, ಕೆಲಸದವಕ್ಕೆ. ಆನು ಏಳೆಂಟು ವರ್ಷದ ಕೂಸಾಗಿಪ್ಪಗ ಕಂಡದು ಈಗಳೂ ಕಣ್ಣಿಲಿ ಇದ್ದು. ಮಧ್ಯಾನ್ನ ಹೊತ್ತಿಂಗೆ ಅವು ಜಾಲಿನ ಕರೆಲಿ ಸಾಲಿಲಿ ಕೂಗು. ಒಬ್ಬೊಬ್ಬನ ಎದುರು ಒಂದೊಂದು ಹಾಳೆ. ಗಂಜಿ ಹರಿಯದ್ದ ಹಾಂಗೆ ಕೊಡಿ ಮಡುಸಿದ್ದು. ಅಜ್ಜಿ ರಜ ದೂರಲ್ಲೇ ನಿಂದು, ಬಗ್ಗದ್ದೆ, ಮೇಲಂದಲೇ ಗಂಜಿ ಎರಗು. ಹಾಳೆಗೆ ಬೀಳುವ ಗಂಜಿ ಅವರ ಕಾಲಿಂಗೂ ರಟ್ಟುಗು. ಚಾಯ ಕೊಡ್ತರೆ ಕರಟಲ್ಲಿ.

"ಅಜ್ಜೀ, ಅವಕ್ಕೆ ಎಂತಕೆ ಬಟ್ಲು ಇಲ್ಲೆ?" ಕೇಳಿದೆ ಒಂದರಿ.

"ಹಾಳೆ ಆದರೆ ತೊಳವ ಕೆಲಸ ಇಲ್ಲೆನ್ನೇ," ಹೇಳಿತ್ತು ಅಜ್ಜಿ. ಉಂಡವು ಉಂಡ ಹಾಳೆಯ ಅವ್ವೇ ಕೊಂಡೋಗಿ ಇಡ್ಕೆಕ್ಕು. ಜಾಗೆಯ ಅವ್ವೇ ಸಗಣ ಹಾಕಿ ಉದ್ದೆಕ್ಕು.

ತೊಳವ ಕೆಲಸ ಇಲ್ಲೆ. ಈಗಾಣ ತಟ್ಟೆಯ ಜಾಹೀರಾತಿಲಿಯೂ ಇದೇ ಮಾತು ಬರದಿರ್ತು. ಅಂದು ಅಜ್ಜಿ ಹೇಳಿದ್ದರ ಅರ್ಥ ಬೇರೆ. ಅವು ಮುಟ್ಟಿದ ಪಾತ್ರ ಒಳ ಬಪ್ಪಲಾಗ, ಹಾಂಗಾಗಿ ಪಾತ್ರವೇ ಬೇಡ.

ಇದು ಎಂಗಳ ಒಂದು ಮನೆಯ ಕತೆ ಅಲ್ಲ, ಒಂದು ಕಾಲದ್ದೂ ಅಲ್ಲ. 14ನೇ ಶತಮಾನಲ್ಲಿ ಈ ಕರಾವಳಿಲಿ ಹೋದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಎರಡು ಊಟದ ಸಂಗತಿ ಬರದ್ದ. ಹೊನ್ನಾವರದ ಸುಲ್ತಾನನ ಅರಮನೆಲಿ ತಾಮ್ರದ ಹರಿವಾಣಲ್ಲಿ ಉಂಡದು ಒಂದು. ಮತ್ತೊಂದು ಮಲಬಾರಿನ ದಾರಿಯ ಊಟ. ಅಲ್ಲಿ ಹಿಂದುಗೊ ಮುಸಲ್ಮಾನರ ತಮ್ಮ ಮನೆ ಒಳ ಬಿಟ್ಟೊಂಡಿತ್ತಿದ್ದವಿಲ್ಲೆ, ತಮ್ಮ ಪಾತ್ರಲ್ಲಿ ಉಂಬಲೂ ಬಿಟ್ಟೊಂಡಿತ್ತಿದ್ದವಿಲ್ಲೆ. ಮುಸಲ್ಮಾನರ ಮನೆ ಇಲ್ಲದ್ದ ಜಾಗೆಲಿ ಪಯಣಿಗರಿಂಗೆ ಅಶನ ಬೇಶಿ ಬಾಳೆಲೆಲಿ ಬಳುಸುಗು. ಉಂಡು ಇಡ್ಕುವ ಎಲೆ ಹೇಳಿರೆ ಮಣ್ಣಿಂಗೆ ಒಳ್ಳೆದು ಹೇಳುದು ನಿಜ. ಅದರ ಒಟ್ಟಿಂಗೆ ಎಂಜಲಿನ ಲೆಕ್ಕವೂ, ಆರು ಒಳ ಆರು ಹೆರ ಹೇಳ್ತ ಲೆಕ್ಕವೂ ಇತ್ತಿದ್ದು. ಒಂದರ ಹೇಳಿ ಇನ್ನೊಂದರ ಬಿಟ್ಟರೆ ಚರಿತ್ರೆ ಅರ್ಧ ಆವ್ತು.

ಹಾಂಗಾಗಿಯೇ "ನಮ್ಮ ಅಜ್ಜಂದ್ರು ಹಾಳೆಲಿ ಉಂಡು ಬದುಕಿದವು" ಹೇಳುವಾಗ ಎನಗೆ ಗಂಟಲು ಕಟ್ಟುದು. ಎನ್ನ ಅಜ್ಜ ಹಾಳೆಲಿ ಉಂಡಿದವಿಲ್ಲೆ. ಉಂಡವು ಜಾಲಿಲಿ ಕೂದವು.

ಜಾಲಿನ ಹಾಳೆ ನಿಂದದು ಎಂಗಳ ಒಳ್ಳೆತನಂದ ಅಲ್ಲ. 1974ರ ಭೂಸುಧಾರಣೆಯ ತಿದ್ದುಪಡಿ ಬಂತು, ಗೇಣಿಯವಕ್ಕೆ ಭೂಮಿ ಆತು, ಮಕ್ಕೊ ಶಾಲೆಗೆ ಹೋಪಲೆ ಸುರು ಮಾಡಿದವು. 1980ರ ಸುಮಾರಿಂಗೆ ಒಂದು ದಿನ ಕೆಲಸಕ್ಕೆ ಬಪ್ಪ ಒಂದು ಹೆಮ್ಮಕ್ಕೊ ಸೀರೆ ಸೆರಗಿಲಿ ಸುತ್ತಿ ಒಂದು ಅಲ್ಯುಮಿನಿಯಂ ಬಟ್ಲು ತಂತು. ಮಧ್ಯಾನ್ನ ಹಾಳೆ ತಪ್ಪಲೆ ಹೋಯಿದಿಲ್ಲೆ. ಬಟ್ಲಿನ ಎದುರು ಮಡುಗಿ ಸುಮ್ಮನೆ ಕೂದತ್ತು. ಅಜ್ಜಿ ಒಂದರಿ ನೋಡಿತ್ತು, ಗಂಜಿ ಎರದತ್ತು, ಎಂತ ಮಾತೂ ಆಡಿದ್ದಿಲ್ಲೆ. ಒಂದು ವಾರಲ್ಲಿ ಎಲ್ಲೋರ ಎದುರೂ ಬಟ್ಲು. ಎಂಗಳ ಮನೆಲಿ ಹಾಳೆ ಊಟ ಮುಗುದ್ದು ಹಾಂಗೆ.

ಬಾಕಿ ಕೆಲಸಂದ ಹಾಳೆಯ ಬಿಡುಸಿದ್ದು ಪ್ಲಾಸ್ಟಿಕ್. ಮದಾಲು ಬಕೇಟು, ಮತ್ತೆ ಮಗ್ಗು, ಕೊಡಪಾನ. ಕರೆಂಟು ಬಂದು ಫ್ಯಾನು ತಿರುಗಿಯಪ್ಪಗ ಬೀಸಾಳೆ ಅಟ್ಟಕ್ಕೆ ಹೋತು. ಬಾಬೆ ಮೀಶುಲೆ ಗುಲಾಬಿ ಬಣ್ಣದ ಟಬ್ಬು ಬಂತು. ತಲಗೆ ಪ್ಲಾಸ್ಟಿಕ್ ತೊಪ್ಪಿ ಬಂತು. ಹಟ್ಟಿಲಿ ಹತ್ತು ದನ ಇದ್ದಲ್ಲಿ ಎರಡು ಒಳುದತ್ತು, ಅದಕ್ಕೂ ಗೋಣಿಯ ಹಿಂಡಿ. ಹಾಳೆ ಕೊಚ್ಚುಲೆ ಆರಿಂಗೆ ಪುರುಸೊತ್ತು?

ಹೀಂಗೆ ಹಾಳೆ ಕಸ ಆತು. ತೋಟಲ್ಲಿ ಬಿದ್ದಲ್ಲೇ ಬಿದ್ದು ಮಳೆನೀರು ತುಂಬಿ ನುಸಿ ಹುಟ್ಟುವ ಜಾಗೆ ಆತು. 2008ರಲ್ಲಿ ನಮ್ಮ ಜಿಲ್ಲೆಲಿ ಚಿಕುನ್‌ಗುನ್ಯ ಬಂದು ಮನೆಮನೆಲಿ ಗೆಂಟು ಹಿಡುದು ಮನುಗಿಯಪ್ಪಗ, ಹಾಳೆಯ ನೀರು ಚೆಲ್ಲಿ, ಮೊಗಚ್ಚಿ ಹಾಕಿ ಹೇಳಿ ಆರೋಗ್ಯ ಇಲಾಖೆಯವು ತೋಟ ತೋಟಕ್ಕೆ ಬಂದು ಹೇಳೆಕ್ಕಾತು.

ಪ್ಲಾಸ್ಟಿಕ್ ಎಂಗೊಗೆ ಎಂತ ಮಾಡಿತ್ತು ಹೇಳಿ ಗೊಂತಾದ್ದು 1998ರಲ್ಲಿ, ತಮ್ಮನ ಮದುವೆ ಕಳುದ ಮೇಲೆ. ಊಟಕ್ಕೆ ಬಾಳೆಲೆಯೇ. ಆದರೆ ಬೆಲ್ಲ ನೀರಿಂಗೆ, ಪಾಯಸಕ್ಕೆ ಪ್ಲಾಸ್ಟಿಕ್ ಗ್ಲಾಸು. ಹೊತ್ತೋಪಗಾಣ ತಿಂಡಿಗೆ ಪ್ಲಾಸ್ಟಿಕ್ ಅಂಟುಸಿದ ಕಾಗದದ ತಟ್ಟೆ. ಮೇಜಿಂಗೆ ಹಾಸಿದ್ದೂ ಪ್ಲಾಸ್ಟಿಕ್ ಹಾಳೆ. ಹೆಸರಿಂಗೆ ಅದೂ ಹಾಳೆಯೇ! ಎಷ್ಟು ಸುಲಬ ಆತು ಹೇಳಿ ಎಲ್ಲೋರಿಂಗೂ ಕೊಶಿ. ಬಾಳೆಲೆ ಇಡ್ಕಿದ ಗುಂಡಿಗೇ ಅದರನ್ನೂ ಇಡ್ಕಿದೆಯೊ. ಎಂಗಳೇ ಕೈಯಾರೆ.

ಬಾಳೆಲೆ ತಿಂಬಲೆ ದನ ಗುಂಡಿಗೆ ಬಕ್ಕು ಹೇಳುದು ಎಂಗೊಗೆ ಗೊಂತಿಲ್ಲದ್ದಲ್ಲ. ಹುಟ್ಟಿದಂದಿಂದ ಕಂಡದು. ನಾಕು ತಿಂಗಳು ಕಳುದಪ್ಪಗ ಗಬ್ಬದ ದನ ಒಂದು ಹುಲ್ಲು ಬಿಟ್ಟತ್ತು, ಹೊಟ್ಟೆ ಬೀಗಿತ್ತು. ದನದ ಡಾಕ್ಟ್ರು ಎರಡು ಸರ್ತಿ ಬಂದವು. ಮೂರನೇ ದಿನ ಉದಿಯಪ್ಪಗ ಹಟ್ಟಿಲಿ ಸತ್ತು ಬಿದ್ದಿತ್ತು. ಹೊಟ್ಟೆ ಬಿಡುಸಿ ನೋಡಿಯಪ್ಪಗ ಒಂದು ದೊಡ್ಡ ಉಂಡೆ. ಅದರಲ್ಲಿ ಮೇಜಿನ ಹಾಸು ಇತ್ತಿದ್ದು, ಪಾಯಸದ ಗ್ಲಾಸಿನ ಚೂರು ಇತ್ತಿದ್ದು. ಹೊಟ್ಟೆಲಿತ್ತಿದ್ದ ಕಂಜಿಯೂ ಹೋತು.

"ಹಾಳೆ ತಿಂದ ದನ ಏವದೂ ಸತ್ತಿತ್ತಿಲ್ಲೆ," ಹೇಳಿತ್ತು ಅಬ್ಬೆ. ಅಷ್ಟೇ ಹೇಳಿದ್ದು. ತಮ್ಮ ಅಂದು ಉಂಡಿದಾಯಿಲ್ಲೆ.

ಅವ ಹಾಳೆ ತಟ್ಟೆಯ ಕೆಲಸಕ್ಕೆ ಇಳುದ್ದು ಪೈಸೆ ಆಸೆಂದ ಹೇಳಿ ಊರಿಲಿ ಮಾತು. ಪೈಸೆಯೂ ಬೇಕು, ಅಡಕ್ಕೆಗೆ ಕ್ರಯ ಇಲ್ಲದ್ದ ಸಮಯ ಅದು. ಆದರೆ ಆ ದನ ಇಲ್ಲದ್ದರೆ ಅವ ಅಷ್ಟು ಹಟ ಹಿಡಿಯ ಹೇಳಿ ಎನ್ನ ನಂಬಿಕೆ. ಅಷ್ಟಪ್ಪಗ ನಮ್ಮ ಊರಿಲಿ, ಮಲೆನಾಡಿಲಿ, ತಮಿಳುನಾಡಿಲಿ ಅಲ್ಲಲ್ಲಿ ತಟ್ಟೆ ಒತ್ತುವ ಮಿಶನು ಬಂದಿತ್ತಿದ್ದು. ಅವ ಎರಡು ಕಡೆ ಹೋಗಿ ನೋಡಿ, ಸಾಲ ಮಾಡಿ 2004ರಲ್ಲಿ ಶೆಡ್ಡು ಹಾಕಿದ.

ಕೆಲಸ ನೋಡ್ಲೆ ಸುಲಬ. ಬೇಸಗೆಲಿ ಬಿದ್ದ ಹಾಳೆಯೇ ಆಯೆಕ್ಕು. ಮಳೆಗಾಲದ್ದಕ್ಕೆ ಬೂಸರು ಹಿಡಿತ್ತು. ತಂದು ಒಣಗುಸಿ, ಅಟ್ಟಿ ಹಾಕಿ ಮಡುಗುದು. ಬೇಕಪ್ಪಗ ನೀರಿಲಿ ಬೊದುಲ್ಸಿ, ಬ್ರಶ್ಶು ಹಾಕಿ ತಿಕ್ಕಿ ತೊಳದು, ನೀರು ಬಸಿವಲೆ ಮಡುಗೆಕ್ಕು. ಮತ್ತೆ ಬೆಶಿ ಮಾಡಿದ ಕಬ್ಬಿಣದ ಅಚ್ಚಿನ ಎಡೆಲಿ ಮಡುಗಿ ಒತ್ತಿರೆ, ಹಸಿ ಹಾಳೆ ಆ ಬೆಶಿಗೆ ಬಗ್ಗಿ, ತಣುದಪ್ಪಗ ಅದೇ ರೂಪಲ್ಲಿ ಗಟ್ಟಿ ನಿಲ್ಲುತ್ತು. ಅಂಟು ಬೇಡ, ಬಣ್ಣ ಬೇಡ, ಮೇಣ ಬೇಡ. ದೊಡ್ಡ ಹಾಳೆ ಆದರೆ ಒಂದೋ ಎರಡೋ ಊಟದ ತಟ್ಟೆ, ಒಳುದ ತುಂಡಿಲಿ ಸಣ್ಣ ಬಟ್ಲು. ಕತ್ತರುಸಿದ ಚೂರು ಬೆಶಿನೀರ ಒಲೆಗೆ. ಉಂಡ ತಟ್ಟೆಯ ಮಣ್ಣಿಂಗೆ ಹಾಕಿರೆ ಎರಡು ಮೂರು ತಿಂಗಳಿಲಿ ಮಣ್ಣಾವ್ತು.

ತಮ್ಮ ಒಂದು ಸಂಗತಿಲಿ ಕಟ್ಟುನಿಟ್ಟು. ಮದ್ದು ಬಿಟ್ಟ ಕಲೆ ಇಪ್ಪ ಹಾಳೆ ತೆಕ್ಕೊಂಬಲೆ ಇಲ್ಲೆ. ಕೋಲ್ಮನ್ ಕಲುಶಿದ ಮೈಲುತುತ್ತು ಕೊನೆಯ ಕಾಪಾಡ್ತು ಅಪ್ಪು, ಆದರೆ ಅದು ಹಾಳೆಯ ಮೇಲೂ ನೀಲಿ ಆಗಿ ಅಂಟಿ ಕೂರ್ತು. ಉಂಬ ತಟ್ಟೆಲಿ ಅದು ಇಪ್ಪಲಾಗ.

ಶೆಡ್ಡಿಲಿ ಆರು ಹೆಮ್ಮಕ್ಕೊ ಕೆಲಸ ಮಾಡ್ತವು. ಅದರಲ್ಲಿ ಒಂದು, ಅಂದು ಸೆರಗಿಲಿ ಬಟ್ಲು ತಂದವರ ಮಗಳು. ದಿನಕ್ಕೆ ನೂರುಗಟ್ಲೆ ತಟ್ಟೆ ಒತ್ತುತ್ತು. ಮಧ್ಯಾನ್ನ ಊಟಕ್ಕೆ ಕೂಪಗ ಮನೆಂದ ತಂದ ಸ್ಟೀಲಿನ ಡಬ್ಬಿ ಬಿಡುಸುತ್ತು. ಸುತ್ತ ಸಾವಿರಾರು ತಟ್ಟೆ ಇದ್ದು. ಒಂದರಲ್ಲಿ ಬಳುಸಿ ಉಂಡದರ ಆನು ಕಂಡಿದಿಲ್ಲೆ. ಎಂತಕೆ ಹೇಳಿ ಕೇಳಿದ್ದೂ ಇಲ್ಲೆ. ಎನಗೆ ಗೊಂತಿದ್ದು.

ಕಾನೂನು ಮತ್ತೆ ಬಂತು. 2016ರ ಮಾರ್ಚಿಲಿ ಕರ್ನಾಟಕ ಸರಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಗ್ಲಾಸು, ಚಮಚ, ಥರ್ಮಾಕೋಲು ಎಲ್ಲ ನಿಷೇಧ ಮಾಡಿತ್ತು. 2022ರ ಜುಲೈ 1ರಿಂದ ಇಡೀ ದೇಶಲ್ಲಿ ಒಂದರಿ ಉಪಯೋಗುಸಿ ಇಡ್ಕುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಬಂದ್. ಪೇಟೆಲಿ ಹಾಳೆ ತಟ್ಟೆಗೆ ಮರ್ಯಾದೆ ಬಂತು. ಯುರೋಪು, ಅಮೇರಿಕಕ್ಕೆ ಪೆಟ್ಟಿಗೆ ಹೋಪಲೆ ಸುರುವಾತು. ಭಾಷಣಲ್ಲಿ ಎಲ್ಲೋರೂ "ಕಸಂದ ರಸ" ಹೇಳಿದವು. ಕೇಳುವಾಗ ಕೊಶಿ ಆವ್ತು, ಆದರೆ ಅದೂ ಸರಿ ಇಲ್ಲೆ. ನೂರಾರು ವರ್ಷ ಒಂದು ಹಾಳೆಯೂ ದಂಡ ಆಗಿಗೊಂಡಿತ್ತಿಲ್ಲೆ. ಅದು ಕಸ ಆಗಿ ಇದ್ದದು ಪ್ಲಾಸ್ಟಿಕ್ ಬಂದ ಮೇಲೆ, ಬರೇ ಇಪ್ಪತ್ತು ಇಪ್ಪತ್ತೈದು ವರ್ಷ. ಕಸ ಮಾಡಿದ್ದೂ ನಾವೇ.

ಹೀಂಗಿಪ್ಪಗ 2025ರ ಮೇ ತಿಂಗಳಿಲಿ ಅಮೇರಿಕದ ಆಹಾರ ಮತ್ತೆ ಔಷಧ ಇಲಾಖೆ ಒಂದು ಎಚ್ಚರಿಕೆ ಕೊಟ್ಟತ್ತು. ಅಡಕ್ಕೆ ಮರಲ್ಲಿ ಸಹಜವಾಗಿಪ್ಪ ಆಲ್ಕಲಾಯ್ಡುಗೊ ಹಾಳೆ ತಟ್ಟೆಂದ ಆಹಾರಕ್ಕೆ ಇಳಿವಲೆ ಸಾಕು, ಆಹಾರ ಮುಟ್ಟುವ ವಸ್ತುವಾಗಿ ಇದಕ್ಕೆ ಒಪ್ಪಿಗೆ ಇಲ್ಲೆ ಹೇಳಿ. ತಮ್ಮನ ಪೆಟ್ಟಿಗೆ ನಿಂದದು ಆ ಕಾರಣಕ್ಕೆ.

ಊರಿಲಿ ಎಲ್ಲೋರಿಂಗೂ ಕೋಪ. "ಪ್ಲಾಸ್ಟಿಕ್ ಕಂಪೆನಿಯವರ ಆಟ," ಹೇಳಿದವು ಕೆಲವು ಜೆನ. "ನಮ್ಮ ಹಿರಿಯರಿಂಗೆ ಎಂತ ಆಯಿದು?" ಕೇಳಿದವು ಕೆಲವು ಜೆನ. ಎನಗೂ ಸುರುವಿಂಗೆ ಕೋಪವೇ ಬಂದದು. ಮತ್ತೆ ಆಲೋಚನೆ ಮಾಡಿದೆ. ಅಡಕ್ಕೆ ಬೆಳೆಶಿ ಬದುಕಿದ ನವಗೆ ಕೇಳ್ಲೆ ಇಷ್ಟ ಇಲ್ಲದ್ದ ಒಂದು ಮಾತಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಕ್ಕೆಯ, ಮನುಷ್ಯರಿಂಗೆ ಕ್ಯಾನ್ಸರ್ ತಪ್ಪ ವಸ್ತುಗಳ ಸಾಲಿಲಿ ಸೇರ್ಸಿದ್ದು. ಅಡಕ್ಕೆಲಿಪ್ಪ ಅರೆಕೋಲಿನ್ ಹೇಳ್ತದು ಹೀಂಗಿಪ್ಪ ಆಲ್ಕಲಾಯ್ಡುಗಳಲ್ಲಿ ಮುಖ್ಯದ್ದು. ದಿನಕ್ಕೆ ಹತ್ತು ಸರ್ತಿ ಅಡಕ್ಕೆ ಅಗಿವದೂ, ಒಂದು ಹೊತ್ತು ಹಾಳೆ ತಟ್ಟೆಲಿ ಉಂಬದೂ ಒಂದೇ ಅಲ್ಲ, ಅದು ಸರಿ. ಆದರೆ "ಒಂದೇ ಅಲ್ಲ" ಹೇಳುದು ಉತ್ತರ ಆವ್ತಿಲ್ಲೆ. ಬೆಶಿ ಸಾರು ಬಳುಸಿರೆ ಎಷ್ಟು ಇಳಿತ್ತು, ಹುಳಿ ಮಜ್ಜಿಗೆ ಹಾಕಿರೆ ಎಷ್ಟು, ಎಣ್ಣೆ ತಿಂಡಿ ಮಡುಗಿರೆ ಎಷ್ಟು ಹೇಳಿ ಅಳದು ತೋರ್ಸೆಕ್ಕು. ವಿಟ್ಲಲ್ಲಿ 1956ರಿಂದ ಅಡಕ್ಕೆ ಸಂಶೋಧನಾ ಕೇಂದ್ರ ಇದ್ದು, ಕಾಸರಗೋಡಿಲಿ ಸಿಪಿಸಿಆರ್‌ಐ ಇದ್ದು. ಅಳವಲೆ ಬೇಕಾದ ಬುದ್ಧಿ ನಮ್ಮ ಊರಿಲಿಯೇ ಇದ್ದು. ಕೋಪ ಮಾಡುವ ಬದಲು ಅದರ ಕೇಳುದು ಒಳ್ಳೆದು.

ಹಿರಿಯರಿಂಗೆ ಎಂತ ಆಯಿದು ಹೇಳುವ ಪ್ರಶ್ನೆ ಇದ್ದನ್ನೆ, ಅದಕ್ಕೆ ಎನ್ನ ಹತ್ರೆ ಒಂದೇ ಉತ್ತರ. ಹಾಳೆಲಿ ದಿನಾ ಉಂಡವು ನಮ್ಮ ಹಿರಿಯರಲ್ಲ. ಉಂಡವಕ್ಕೆ ಎಂತ ಆತು, ಅವು ಎಷ್ಟು ವರ್ಷ ಬದುಕಿದವು ಹೇಳಿ ನಮ್ಮ ಮನೆಲಿ ಆರೂ ಬರದು ಮಡುಗಿದ್ದವಿಲ್ಲೆ. ಅವರ ಹಾಳೆಯ ಅವರ ಕೈಲೇ ಇಡ್ಕುಸಿದ ನಾವು, ಈಗ ಅವರ ಆರೋಗ್ಯವ ನಮ್ಮ ಸಾಕ್ಷಿ ಹೇಳಿ ತೆಕ್ಕೊಂಬಲೆ ಹೇಂಗೆ ಎಡಿಗು?

ಇದರ ಆನು ತಮ್ಮನ ಹತ್ರೆ ಹೇಳಿದೆ. ಅವ ಸುಮಾರು ಹೊತ್ತು ಮಾತಾಡಿದ್ದಿಲ್ಲೆ. ಮತ್ತೆ, "ಅಳದು ನೋಡಿ ಕೆಟ್ಟದು ಹೇಳಿ ಬಂದರೆ?" ಕೇಳಿದ.

"ಬಂದರೆ ಬಿಡೆಕ್ಕು. ಪ್ಲಾಸ್ಟಿಕ್‌ನ ಬಿಟ್ಟ ಹಾಂಗೆ."

"ಒಳ್ಳೆದು ಹೇಳಿ ಬಂದರೆ?"

"ಅಂಬಗ ಆ ಕಾಗದವ ಪೆಟ್ಟಿಗೆ ಮೇಲೆ ಅಂಟುಸು. ಅಜ್ಜನ ಹೆಸರು ಹೇಳೆಡ."

ಅವಂಗೆ ನೆಗೆ ಬಂತು. ಮಾಲಿನ ಮಾದರಿ ಪರೀಕ್ಷೆಗೆ ಕಳುಸುವ ಏರ್ಪಾಡು ಮಾಡಿದ್ದ. ಅಲ್ಲಿವರೆಗೆ ಎನ್ನ ಮನೆಲಿ ಎನ್ನದೇ ಲೆಕ್ಕ: ಜೆಂಬರದ ಒಂದು ಹೊತ್ತಿನ ಒಣ ತಿಂಡಿಗೆ ಹಾಳೆ ತಟ್ಟೆ ಅಕ್ಕು, ತೊಳದೇ ಉಪಯೋಗುಸುದು. ಬೆಶಿ ಸಾರು, ಪಾಯಸ ಅದರಲ್ಲಿ ಎರವಲಿಲ್ಲೆ. ಒಳುದ ಅಡಿಗೆ ಅದರಲ್ಲಿ ಮಡುಗಲಿಲ್ಲೆ. ದಿನಾ ಉಂಬಲೆ ಸ್ಟೀಲಿನ ತಟ್ಟೆಯೇ. ತೊಳವ ಕೆಲಸ ಇದ್ದು. ಇರಲಿ.

ಮೊನ್ನೆ ಅಬ್ಬೆಯ ಸಹಸ್ರಚಂದ್ರ ಆತು. ಇನ್ನೂರು ಜೆನ. ಊಟ ಎಂತರಲ್ಲಿ ಹೇಳಿ ಮಾತು ಬಂತು. ಶೆಡ್ಡಿಲಿ ಇಷ್ಟು ತಟ್ಟೆ ಇಪ್ಪಗ ಬಾಳೆಲೆಗೆ ಎಂತಕೆ ಪೈಸೆ ಹಾಕೆಕ್ಕು ಹೇಳಿ ಒಬ್ಬ ಹೇಳಿದ. ಒಳ ಬಾಳೆಲೆ, ಶೆಡ್ಡಿನ ಹೊಡೆಲಿ ಹಾಳೆ ತಟ್ಟೆ ಮಾಡುವೊ ಹೇಳಿ ಇನ್ನೊಬ್ಬ ಹೇಳಿದ. ಅವ ಕೆಟ್ಟ ಮನಸ್ಸಿಲಿ ಹೇಳಿದ್ದಲ್ಲ, ಲೆಕ್ಕಕ್ಕೆ ಹೇಳಿದ್ದು. ಅಬ್ಬೆಗೆ ಕೆಮಿ ಕೇಳ್ತಿಲ್ಲೆ ಹೇಳಿ ನಾವು ಗ್ರೇಶಿದ್ದು ತಪ್ಪು.

"ಒಂದು ಹಂತಿಗೆ ಎರಡು ಎಲೆ ಬೇಡ," ಹೇಳಿತ್ತು ಅಬ್ಬೆ.

ಊಟ ಎಲ್ಲೋರಿಂಗೂ ಬಾಳೆಲೆಲಿ ಆತು, ಒಂದೇ ಚಪ್ಪರಲ್ಲಿ. ಹೊತ್ತೋಪಗಾಣ ತಿಂಡಿ ಎಲ್ಲೋರಿಂಗೂ ಹಾಳೆ ತಟ್ಟೆಲಿ ಆತು. ಶೆಡ್ಡಿನ ಆರು ಹೆಮ್ಮಕ್ಕಳೂ ಬಂದಿತ್ತಿದ್ದವು. ಬಟ್ಲು ತಂದವರ ಮಗಳು ಎನ್ನ ಹತ್ತರೆಯೇ ಕೂದಿತ್ತು. ತಟ್ಟೆಯ ಬೆಣಚ್ಚಿಂಗೆ ಹಿಡುದು, ತಿರುಗುಸಿ, ಕರೆಯ ಬೆರಳಿಲಿ ಮುಟ್ಟಿ ನೋಡಿತ್ತು. ಇದು ಎಂಗೊ ಒತ್ತಿದ್ದಲ್ಲ, ಕರೆ ಸರಿಯಾಗಿ ಕತ್ತರುಸಿದ್ದವಿಲ್ಲೆ ಹೇಳಿತ್ತು ತುಳುವಿಲಿ. ಮತ್ತೆ ಅದರಲ್ಲೇ ಅವಲಕ್ಕಿ ಹಾಕುಸಿಗೊಂಡು ತಿಂದತ್ತು.

ಇರುಳು ಎಂಜಲು ತಟ್ಟೆಗಳ ಅದೇ ಹಳೆ ಗುಂಡಿಗೆ ಹಾಕಿದವು. ಮರದಿನ ಉದಿಯಪ್ಪಗ ಆನು ಜಾಲಿಂಗೆ ಬಂದು ನೋಡಿಯಪ್ಪಗ ಹಟ್ಟಿಯ ದನ ಗುಂಡಿ ಕರೆಲಿ ನಿಂದು ಒಂದು ತಟ್ಟೆಯ ಅಗುಕ್ಕೊಂಡು ಇತ್ತಿದ್ದು. ಒಂದು ಗಳಿಗೆ ಎನ್ನ ಎದೆ ಧಸಕ್ಕ ಹೇಳಿತ್ತು. ಮತ್ತೆ ನೆಂಪಾತು.

ಓಡುಸಿದ್ದಿಲ್ಲೆ. ತಿನ್ನಲಿ ಹೇಳಿ ಒಳ ಬಂದೆ.